ಮೊಳೆ ಇಳಿಯದ ಗೋಡೆ

ಪುಣೆಯ ಹಿಂಜವಡಿ ಪಕ್ಕದ ನಮ್ಮ ಹೊಸ ಫ್ಲಾಟಿನಲ್ಲಿ ಅಜ್ಜನ ಫೋಟೋ ತೂಗುಹಾಕಲು ಹೋಗಿ ಮೂರು ಮೊಳೆ ಬಾಗಿಸಿದೆ. ಗೋಡೆಯಲ್ಲಿ ಇಟ್ಟಿಗೆಯೇ ಇಲ್ಲ, ಪೂರ್ತಿ ಕಾಂಕ್ರೀಟು. ಬಿಲ್ಡರುಗಳು ಇದಕ್ಕೆ ‘ಮಿವಾನ್’ ಎನ್ನುತ್ತಾರೆ. ಅಲ್ಯೂಮಿನಿಯಂ ಫಲಕಗಳ ಅಚ್ಚು ಜೋಡಿಸಿ ಗೋಡೆ, ಚಾವಣಿ ಎರಡಕ್ಕೂ ಒಟ್ಟಿಗೇ ಕಾಂಕ್ರೀಟು ಸುರಿಯುವ ವಿಧಾನ. ಹಳೆಯ ಪದ್ಧತಿಯಲ್ಲಿ ಎರಡು ಮೂರು ವಾರ ಹಿಡಿಯುವ ಮಹಡಿ ಇದರಲ್ಲಿ ಸುಮಾರು ಒಂದು ವಾರಕ್ಕೆ ಏಳುತ್ತದೆ.

ಹಾಗಾದರೆ ಎಲ್ಲರೂ ಇದನ್ನೇ ಏಕೆ ಬಳಸುವುದಿಲ್ಲ? ಉತ್ತರ ಲೆಕ್ಕದ ಪುಸ್ತಕದಲ್ಲಿದೆ. ಅಚ್ಚು ದುಬಾರಿ, ಮತ್ತೆ ಮತ್ತೆ ಬಳಸಿದರಷ್ಟೇ ಗಿಟ್ಟುತ್ತದೆ. ಒಂದೇ ನಕ್ಷೆಯ ಐದಾರು ಟವರ್ ಕಟ್ಟುವವನಿಗೆ ಲಾಭ. ಮುಂಬಯಿಯಲ್ಲಿ ಹಳೆಯ ಸೊಸೈಟಿಯೊಂದನ್ನು ಕೆಡವಿ ಕಟ್ಟುವ ಸಣ್ಣ ಬಿಲ್ಡರನಿಗೆ ಪ್ಲೈವುಡ್ಡೇ ಸರಿ. ನಮ್ಮ ಸಾಫ್ಟ್‌ವೇರಿನಲ್ಲೂ ಅಷ್ಟೇ, ಒಂದೇ ಪ್ರಾಜೆಕ್ಟಿಗಾಗಿ ಫ್ರೇಮ್‌ವರ್ಕ್ ಬರೆಯುತ್ತೇನೆಂದರೆ ಯಾವ ಮ್ಯಾನೇಜರೂ ಒಪ್ಪುವುದಿಲ್ಲ.

ವೇಗದ ಲೆಕ್ಕ ಬದಲಾಯಿಸಿದ್ದು 2016ರ ರೇರಾ ಕಾಯ್ದೆ. ಗ್ರಾಹಕರು ಕೊಟ್ಟ ಹಣದಲ್ಲಿ ಶೇ. 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಡಬೇಕು, ಕೆಲಸ ಮುಗಿದಷ್ಟೇ ತೆಗೆಯಬೇಕು, ತಡವಾದರೆ ಬಡ್ಡಿ ಕೊಡಬೇಕು. ಇಲ್ಲಿಯ ಮುಂಗಡದಲ್ಲಿ ಇನ್ನೆಲ್ಲೋ ಜಮೀನು ಕೊಳ್ಳುವ ದಾರಿ ಕಿರಿದಾಯಿತು. ಬೇಗ ಕಟ್ಟಿದವನ ಕೈಗೆ ಬೇಗ ಹಣ.

ಅಡುಗೆಮನೆ, ಹಾಲ್ ನಡುವಿನ ಗೋಡೆ ಒಡೆಸೋಣ ಎಂದಳು ನನ್ನ ಹೆಂಡತಿ. ಆಗದು, ಕಟ್ಟಡದ ಭಾರ ಹೊತ್ತಿರುವುದೇ ಅದು. ಬುಕ್ ಮಾಡುವಾಗ ಕೀಲಿ ಯಾವಾಗ ಕೊಡುತ್ತೀರಿ ಎಂದು ನಾಲ್ಕು ಸಲ ಕೇಳಿದ್ದೆವು, ಗೋಡೆಯ ಬಗ್ಗೆ ಒಮ್ಮೆಯೂ ಕೇಳಲಿಲ್ಲ. ಅಜ್ಜ ಸದ್ಯ ಫ್ರಿಜ್ಜಿನ ಮೇಲಿದ್ದಾರೆ. ಡ್ರಿಲ್ಲಿನವನು ಭಾನುವಾರ ಬರುತ್ತಾನಂತೆ.