ನೋವಿಗೆ ನಾಚಿಕೆ ಬೇಡ, ಮೊಬೈಲಿನ ಮದ್ದೂ ಬೇಡ

ಮೊಣಕಾಲು ನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇವೆಲ್ಲ ದಾಸೋಹದ ಪಂಕ್ತಿಯಲ್ಲಿಯೂ ನಮ್ಮ ಮಾತಿಗೆ ಬರುತ್ತವೆ. ಆದರೆ ದಾಂಪತ್ಯದ ಸಮಾಗಮದಲ್ಲಿ ಉಂಟಾಗುವ ಉರಿ, ನೋವುಗಳ ಮಾತು ಮಾತ್ರ ಬಾಯಿಂದ ಹೊರಡುವುದಿಲ್ಲ. ಮುಟ್ಟು ನಿಂತ ತಾಯಂದಿರಲ್ಲಿ ಈ ತೊಂದರೆ ಸಾಮಾನ್ಯ. ಪತಿಗೆ ಹೇಳಲಾಗದೆ, ಸೊಸೆಗೆ ತಿಳಿಸಲಾಗದೆ, ಇರುಳಿನಲ್ಲಿ ಮೊಬೈಲನ್ನು ಕೇಳುವ ಕಾಲವಿದು. ಮೊಬೈಲು ಉತ್ತರವನ್ನೇನೋ ಕೊಡುತ್ತದೆ. ಆ ಉತ್ತರಕ್ಕೆ ಹೊಣೆಗಾರರು ಯಾರೂ ಇರುವುದಿಲ್ಲ.

ಮುಟ್ಟು ನಿಂತ ಬಳಿಕ ಅಂಡಾಶಯದಲ್ಲಿ ಈಸ್ಟ್ರೋಜನ್ ಹಾರ್ಮೋನಿನ ಉತ್ಪತ್ತಿ ಇಳಿಯುತ್ತದೆ. ಇದರಿಂದ ಯೋನಿಯ ಒಳಪದರ ತೆಳುವಾಗಿ, ತೇವ ಕಡಿಮೆಯಾಗುತ್ತದೆ. ನೋವು, ತುರಿಕೆ, ಪದೇಪದೇ ಮೂತ್ರದ ಉರಿ ಕಾಣಿಸಿಕೊಳ್ಳಬಹುದು. ಇದು ಪಾಪದ ಫಲವಲ್ಲ, ಪತಿಯ ಮೇಲಿನ ಪ್ರೀತಿ ಬತ್ತಿದ ಗುರುತೂ ಅಲ್ಲ.

ಮೊಬೈಲಿನಲ್ಲಿ ದೊರೆಯುವ ಸಲಹೆಗಳೋ ಪಟಿಕದ ನೀರು, ನಿಂಬೆರಸ, ಅಡುಗೆ ಸೋಡಾ, ಪರಿಮಳದ ಸಾಬೂನು. ಹಾಲನ್ನು ಮೊಸರಾಗಿಸುವ ಸೂಕ್ಷ್ಮಾಣುಗಳ ಬಳಗಕ್ಕೆ ಸೇರಿದ ಜೀವಿಗಳೇ ಯೋನಿಯ ಸಹಜ ಆಮ್ಲೀಯತೆಯನ್ನು ಕಾಯುತ್ತವೆ. ಸೋಡಾ ಆ ಆಮ್ಲೀಯತೆಯನ್ನು ಕೆಡಿಸುತ್ತದೆ. ಪಟಿಕವು ಮೊದಲೇ ಒಣಗಿದ ಪದರವನ್ನು ಇನ್ನಷ್ಟು ಒಣಗಿಸುತ್ತದೆ. ನಿಂಬೆರಸ, ಸಾಬೂನುಗಳು ಉರಿಯನ್ನು ಹೆಚ್ಚಿಸುತ್ತವೆ. ಒಳಭಾಗವನ್ನು ತೊಳೆಯುವ ಅಗತ್ಯವೇ ಇಲ್ಲ. ಹೊರಭಾಗಕ್ಕೆ ಶುದ್ಧ ನೀರು ಸಾಕು.

ಇನ್ನು ಕೆಲವು ಸಲಹೆಗಳು ಎಲ್ಲವನ್ನೂ ಕ್ಯಾನ್ಸರ್ ಎಂದು ಹೆದರಿಸುತ್ತವೆ. ಈ ಭೀತಿಯೂ ಸಲ್ಲದು, ಉದಾಸೀನವೂ ಸಲ್ಲದು. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬಹುಪಾಲು ಸಂದರ್ಭಗಳಲ್ಲಿ ಅದು ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ಅದನ್ನು ಖಚಿತವಾಗಿ ಹೇಳಬಲ್ಲವರು ವೈದ್ಯರೇ ಹೊರತು ಮೊಬೈಲಲ್ಲ. ಸಕ್ಕರೆ ಕಾಯಿಲೆಯುಳ್ಳವರಲ್ಲಿ ತುರಿಕೆಗೆ ಶಿಲೀಂಧ್ರದ ಸೋಂಕೂ ಕಾರಣವಾಗಿರಬಹುದು. ಅದಕ್ಕೆ ಬೇರೆಯೇ ಚಿಕಿತ್ಸೆಯುಂಟು.

ಈ ಒಣಗುವಿಕೆಗೆ ಸರಳ ಉಪಶಮನಗಳಿವೆ. ಸಮಾಗಮದ ವೇಳೆ ಬಳಸುವ ಜಾರುಕ ಜೆಲ್ ಔಷಧಿ ಅಂಗಡಿಯಲ್ಲಿಯೇ ದೊರೆಯುತ್ತದೆ. ಅದರಿಂದ ಗುಣ ಕಾಣದಿದ್ದರೆ ಸ್ತ್ರೀರೋಗ ತಜ್ಞರು ಅಲ್ಪ ಪ್ರಮಾಣದ ಈಸ್ಟ್ರೋಜನ್ ಮುಲಾಮನ್ನು ಸೂಚಿಸುತ್ತಾರೆ. ಸ್ತನ ಕ್ಯಾನ್ಸರ್ ಬಂದು ಹೋದವರು ಆ ಸಂಗತಿಯನ್ನು ಮೊದಲೇ ತಿಳಿಸಬೇಕು. ಬಾಯಿಬಿಟ್ಟು ಹೇಳಲು ಸಂಕೋಚವಾದರೆ ಚೀಟಿಯಲ್ಲಿ ಬರೆದುಕೊಡಿರಿ. ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದೊಯ್ಯಿರಿ.

ಲೈಂಗಿಕ ಶಕ್ತಿವರ್ಧನೆಯ ಔಷಧಿಗಳ ಜಾಹೀರಾತನ್ನು ನಮ್ಮ ದೇಶದ ಕಾನೂನು 1954ರಲ್ಲಿಯೇ ನಿಷೇಧಿಸಿದೆ. ಆದ್ದರಿಂದ ಸಲಹೆಯ ಕೊನೆಯಲ್ಲಿ ಇಂತಹ ಔಷಧಿಯ ಮಾರಾಟವಿದ್ದರೆ, ನೂರಕ್ಕೆ ನೂರು ಗುಣವೆಂಬ ಭರವಸೆಯಿದ್ದರೆ, ಅದನ್ನು ಅಲ್ಲಿಗೇ ಬಿಡುವುದು ಲೇಸು.

ಬಸವಾದಿ ಶರಣರು ಸತಿಪತಿಗಳಾಗಿ ಬಾಳಿಯೇ ಸಾಧನೆ ಮಾಡಿದವರು. ಪಂಚಸೂತಕಗಳನ್ನು ಅಲ್ಲಗಳೆದು, ರಜಸ್ಸೂತಕವೂ ಇಲ್ಲವೆಂದು ಸಾರಿದವರು. ಅವರ ಹಾದಿಯಲ್ಲಿ ನಡೆಯುವ ನಮಗೆ ದೇಹದ ನೋವು ಮುಚ್ಚಿಡಬೇಕಾದ ಮೈಲಿಗೆ ಆಗಬಾರದು. ಪತಿಯಾದವನು ಸತಿಯ ನೋವನ್ನು ತಾನಾಗಿ ವಿಚಾರಿಸಲಿ, ಆಸ್ಪತ್ರೆಗೆ ಜೊತೆಯಾಗಿ ಹೋಗಲಿ. ದಾಂಪತ್ಯಧರ್ಮದಲ್ಲಿ ಅದೂ ಒಂದು ಸೇವೆಯೇ.