ಲಾಲ್‌ಬಾಗ್ ಬಂಡೆ: ಕಾಲಡಿಯ ಮುನ್ನೂರು ಕೋಟಿ ವರ್ಷ

ಬೆಳಗಿನ ಆರೂವರೆಗೆ ಲಾಲ್‌ಬಾಗಿನ ಬಂಡೆ ಇನ್ನೂ ತಣ್ಣಗಿರುತ್ತದೆ. ವಾಕಿಂಗ್‌ಗೆ ಬಂದವರು ಕೆಂಪೇಗೌಡರ ಗೋಪುರದವರೆಗೆ ಏರಿ, ಉದಯಿಸುವ ಸೂರ್ಯನಿಗೆ ಕೈಮುಗಿದು, ಸುತ್ತಲಿನ ಕಟ್ಟಡಗಳ ಮೇಲೊಮ್ಮೆ ಕಣ್ಣಾಡಿಸಿ ಇಳಿದುಬಿಡುತ್ತಾರೆ. ಕಾಲಡಿಯ ಕಲ್ಲನ್ನು ಬಗ್ಗಿ ನೋಡುವವರು ಕಡಿಮೆ. ಭೂವಿಜ್ಞಾನವನ್ನು ಅಆಇಈಯಿಂದ ಕಲಿಯಬೇಕೆನ್ನುವವರಿಗೆ ಬೆಂಗಳೂರಿನಲ್ಲಿ ಇದಕ್ಕಿಂತ ಒಳ್ಳೆಯ ಶಾಲೆ ನನಗಂತೂ ಗೊತ್ತಿಲ್ಲ.

ಹೈದರ್ ಅಲಿ ಇಲ್ಲಿ ತೋಟ ಮಾಡಿಸಲು ತೊಡಗಿದ್ದು 1760ರಲ್ಲಿ. ಗೋಪುರ ಅದಕ್ಕಿಂತ ಹಳೆಯದು. ಅದು ನಿಂತಿರುವ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಭೂಮಿಯ ವಯಸ್ಸೇ 454 ಕೋಟಿ ವರ್ಷ ಎಂಬುದನ್ನು ನೆನೆದರೆ ಈ ಕಲ್ಲಿನ ಹಿರಿತನ ಅರಿವಾಗುತ್ತದೆ. ಕೋಟಿಗಳ ಲೆಕ್ಕ ತಲೆಗೆ ಹತ್ತುವುದು ಕಷ್ಟ. ಹೀಗೆ ಅಂದುಕೊಳ್ಳಿ: ಈ ಬಂಡೆ ಅರವತ್ತು ತುಂಬಿದ ಅಜ್ಜಿಯಾದರೆ, ಹಿಮಾಲಯ ಒಂದು ವರ್ಷದ ಕೂಸು. ಡೈನೋಸಾರ್‌ಗಳು ಅಳಿದು ವರ್ಷದ ಮೇಲೆ ನಾಲ್ಕು ತಿಂಗಳಾಗಿದೆ. ಮನುಷ್ಯಕುಲ ಮೊನ್ನೆ ತಾನೇ ಮನೆಗೆ ಬಂದಿದೆ.

ಅಜ್ಜಿ ಹುಟ್ಟಿದಾಗ ಗಿಡವಿರಲಿಲ್ಲ, ಹುಲ್ಲಿರಲಿಲ್ಲ, ಉಸಿರಾಡಲು ಗಾಳಿಯಲ್ಲಿ ಆಮ್ಲಜನಕವೂ ಇರಲಿಲ್ಲ. ಇದ್ದ ಜೀವವೆಂದರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ.

ಶಾಲೆಯಲ್ಲಿ ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ ಎಂದು ಮೂರು ಬಗೆ ಬಾಯಿಪಾಠ ಮಾಡಿರುತ್ತೇವೆ. ಪರೀಕ್ಷೆ ಮುಗಿದ ಮೇಲೆ ಮರೆಯುತ್ತೇವೆ. ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಒಂದು ಮೊಳದಷ್ಟು ಜಾಗವನ್ನು ನೋಡಿ, ಮೂರೂ ನೆನಪಿಗೆ ಬರುತ್ತವೆ. ಬೂದು ಮೈಯಲ್ಲಿ ಬಿಳಿ ಮತ್ತು ಕಪ್ಪು ಪಟ್ಟೆಗಳು ಅಲೆಯಲೆಯಾಗಿ ಓಡಿವೆ. ಗಾಜಿನ ಚೂರಿನಂತೆ ಹೊಳೆಯುವುದು ಬೆಣಚು. ಬಿಳಿಯಾಗಿ ಮಂಕಾಗಿರುವುದು ಫೆಲ್ಡ್‌ಸ್ಪಾರ್. ಬಿಸಿಲಿಗೆ ಮಿಣುಕುವ ಕರಿಯ ಹಾಳೆಚೂರು ಅಭ್ರಕ, ನಮ್ಮೂರುಗಳ ಮಕ್ಕಳು ಕಾಗೆಬಂಗಾರ ಎನ್ನುತ್ತಾರಲ್ಲ, ಅದೇ ಜಾತಿಯದು.

ನೆಲದಾಳದಲ್ಲಿ ಕಾದು ಕರಗಿದ ಶಿಲಾಪಾಕ ಮೆಲ್ಲಗೆ ಆರಿ ಗ್ರಾನೈಟಿನಂಥ ಕಲ್ಲಾಯಿತು. ಅದು ಅಗ್ನಿಶಿಲೆ. ಹಲವು ಕಿಲೋಮೀಟರ್ ಆಳದಲ್ಲೇ ಅದು ಮತ್ತೆ ಕಾದು, ಒತ್ತಡಕ್ಕೆ ಸಿಕ್ಕಿ, ಮೆತ್ತಗಾಗಿ ಜಗ್ಗಿಕೊಂಡಿತು. ಎರಡು ಬಣ್ಣದ ಕಣಕವನ್ನು ಸೇರಿಸಿ ಲಟ್ಟಿಸಿದರೆ ಪಟ್ಟೆ ಮೂಡುವುದಿಲ್ಲವೇ, ಹಾಗೆ ಖನಿಜಗಳು ಪಟ್ಟೆಪಟ್ಟೆಯಾಗಿ ಸಾಲುಗೊಂಡವು. ಹೀಗಾದ ರೂಪಾಂತರ ಶಿಲೆಗೆ ನೈಸ್ ಎಂದು ಹೆಸರು. ದಕ್ಷಿಣ ಭಾರತದ ಬಹುಭಾಗಕ್ಕೆ ಬುನಾದಿಯಾಗಿರುವ ಈ ಕಲ್ಲಿಗೆ 1916ರಲ್ಲಿ 'ಪೆನಿನ್ಸುಲಾರ್ ನೈಸ್' ಎಂದು ಹೆಸರಿಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್. ಈ ಬುನಾದಿಗಲ್ಲಿನ ಮಾದರಿಯಾದ್ದರಿಂದಲೇ ಲಾಲ್‌ಬಾಗ್ ಬಂಡೆ ಇಂದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲು, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಕೂಡ ಇದೇ ಪಟ್ಟಿಯಲ್ಲಿವೆ.

ಈಗ ನನಗೆ ಬಹಳ ಇಷ್ಟವಾದ ಪಾಠ. ಪಟ್ಟೆಗಳನ್ನು ಅಡ್ಡಡ್ಡಲಾಗಿ ಸೀಳಿಕೊಂಡು ಹೋದ ಬೆಳ್ಳನೆಯ ಎಳೆಗಳು ಅಲ್ಲಲ್ಲಿ ಕಾಣುತ್ತವೆ. ಬೆರಳಿಟ್ಟು ಅಂಥದೊಂದು ಎಳೆಯ ಜಾಡು ಹಿಡಿಯಿರಿ. ಪಟ್ಟೆ ಮೊದಲೋ, ಎಳೆ ಮೊದಲೋ? ಮಕ್ಕಳನ್ನು ಕೇಳಿದರೆ ಥಟ್ಟನೆ ಹೇಳುತ್ತಾರೆ: ರೊಟ್ಟಿ ಇದ್ದರೆ ತಾನೇ ಅದನ್ನು ಕೊಯ್ಯುವುದು! ಪಟ್ಟೆ ಹಳೆಯದು, ಅದು ಗಟ್ಟಿಯಾಗಿ ಬಿರುಕುಬಿಟ್ಟ ಮೇಲೆ ಒಳಗಿಂದ ನುಗ್ಗಿ ಆರಿದ್ದು ಈ ಎಳೆ. ಯಾವ ಉಪಕರಣವೂ ಇಲ್ಲದೆ ಭೂಮಿಯ ಎರಡು ಘಟನೆಗಳನ್ನು ಮಗು ಯಾವುದು ಮೊದಲು, ಯಾವುದು ಆಮೇಲೆ ಎಂದು ಜೋಡಿಸಿತು. ಭೂವಿಜ್ಞಾನಿಗಳೂ ಬೆಟ್ಟದ ಮುಂದೆ ನಿಂತು ಮೊದಲು ಮಾಡುವುದು ಇದನ್ನೇ. ಇಂತಿಷ್ಟು ಕೋಟಿ ವರ್ಷ ಎಂಬ ಲೆಕ್ಕ ಬೇಕಾದಾಗ ಮಾತ್ರ ಪ್ರಯೋಗಾಲಯಕ್ಕೆ ಹೋಗಿ, ಜಿರ್ಕಾನ್ ಎಂಬ ಹರಳಿನೊಳಗೆ ಎಷ್ಟು ಯುರೇನಿಯಂ ಸೀಸವಾಗಿ ಬದಲಾಗಿದೆ ಎಂದು ಅಳೆಯುತ್ತಾರೆ.

ಆಳದ ಕಲ್ಲು ಮೇಲೆ ಬಂದದ್ದು ಹೇಗೆ? ಮೇಲಿದ್ದ ನೆಲ ಮಳೆಗಾಳಿಗೆ ಸವೆದು ಕೊಚ್ಚಿಹೋಯಿತು, ಕೆಳಗಿನದು ಮೆಲ್ಲಗೆ ಎದ್ದಿತು. ತಲೆಯ ಮೇಲಿನ ಹೊರೆ ಇಳಿದಾಗ ಬಂಡೆ ಹಿಗ್ಗಿ, ಈರುಳ್ಳಿಯಂತೆ ಪದರಪದರವಾಗಿ ಬಿಡುತ್ತದೆ. ಲಾಲ್‌ಬಾಗ್ ಬಂಡೆಯ ದುಂಡುಬೆನ್ನಿಗೆ ಇದೇ ಕಾರಣ. ಈ ಗುಣವನ್ನು ನಮ್ಮ ಕಲ್ಲುಕುಟಿಗರು ಯಾವ ಪುಸ್ತಕವೂ ಹೇಳಿಕೊಡುವ ಮೊದಲೇ ಬಲ್ಲರು. ಬಂಡೆಯ ಮೇಲೆ ಬೆಂಕಿ ಹಾಕಿ, ಕಾದ ಪದರ ಬಿಟ್ಟುಕೊಂಡಾಗ ಚಪ್ಪಡಿ ಎಬ್ಬಿಸುತ್ತಿದ್ದರು. ಬೆಂಗಳೂರು, ಕೋಲಾರದ ಕಡೆ ಹಳೆಯ ಮನೆಗಳ ಚಾವಣಿಗೆ ಹೊದಿಸಿದ ಚಪ್ಪಡಿ, ತೋಟದ ಬೇಲಿಗೆ ನೆಟ್ಟ ಕಲ್ಲುಕೂಚ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು ಎಲ್ಲ ಇದೇ ಬಳಗದವು.

ಮಳೆ ನಿಂತ ಮರುದಿನ ಬಂಡೆಯ ಕುಳಿಗಳಲ್ಲಿ ನೀರಾರಿ ಒಂದು ಹಿಡಿ ಮರಳು ಉಳಿದಿರುತ್ತದೆ. ಫೆಲ್ಡ್‌ಸ್ಪಾರ್ ನೀರಿಗೆ ಸೋತು ಜೇಡಿಯಾಗಿ ಹರಿದುಹೋಗುತ್ತದೆ, ಬೆಣಚು ಸೋಲದೆ ಮರಳಾಗಿ ಉಳಿಯುತ್ತದೆ. ಕಲ್ಲುಹೂವು ಬೇರೂರಲು ತಾವು ಕೇಳದೆ ಬಂಡೆಯನ್ನೇ ಕಚ್ಚಿಕೊಂಡು ಕರಗಿಸುತ್ತದೆ. ಹೊಲದ ಕೆಮ್ಮಣ್ಣು ಹುಟ್ಟುವುದು ಹೀಗೆ. ಆ ಮರಳು ಹೊಳೆ ಸೇರಿ, ಕಡಲತಳದಲ್ಲಿ ಹೂತು ಗಟ್ಟಿಯಾದರೆ ಜಲಜಶಿಲೆ. ಮೂರನೆಯ ಬಗೆಯೂ ಸಿಕ್ಕಿತು.

ನಮ್ಮ ನೀರಿನ ಕಷ್ಟದ ಬೇರು ಕೂಡ ಇಲ್ಲೇ ಇದೆ. ಈ ಕಲ್ಲಿನ ಒಡಲಲ್ಲಿ ನೀರು ಹೀರುವ ತೂತುಗಳಿಲ್ಲ. ನೀರು ಇದ್ದರೆ ಮೇಲಿನ ಶಿಥಿಲ ಪದರದಲ್ಲಿ, ಇಲ್ಲವೇ ಬಿರುಕಿನಲ್ಲಿ. ಅದರಿಂದಲೇ ಒಂದು ಸೈಟಿನ ಬೋರ್‌ವೆಲ್‌ನಲ್ಲಿ ನೀರು ಬಂದು, ಪಕ್ಕದಲ್ಲಿ ಸಾವಿರ ಅಡಿ ಕೊರೆದರೂ ಬರೀ ಪುಡಿ ಬರುತ್ತದೆ. ಮಳೆನೀರನ್ನು ಆ ಮೇಲುಪದರಕ್ಕೆ ಇಂಗಿಸುತ್ತಿದ್ದ ಕೆರೆಗಳನ್ನು ಮುಚ್ಚಿ, ನೆಲಕ್ಕೆಲ್ಲ ಸಿಮೆಂಟು ಬಳಿದು, ಬಂಡೆಯಿಂದ ನೀರು ಕೇಳುತ್ತಿದ್ದೇವೆ. ಇದು ಅನ್ಯಾಯ.

ಮುಂದಿನ ಭಾನುವಾರ ಮಕ್ಕಳನ್ನು ಕರೆದುಕೊಂಡು ಬನ್ನಿ, ಬಂಡೆ ಕಾಯುವ ಮೊದಲೇ ಬನ್ನಿ. ಕಲ್ಲಿನ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ತಡೆಯಿರಿ. ಕೈಯಲ್ಲೊಂದು ನೀರಿನ ಬಾಟಲಿ ಇರಲಿ. ಒಂದು ಬೊಗಸೆ ನೀರು ಚೆಲ್ಲಿ ಅಂಗೈಯಿಂದ ಸವರಿದರೆ ಸಾಕು, ಮಂಕಾಗಿದ್ದ ಪಟ್ಟೆಗಳು ಎದ್ದು ಕಾಣುತ್ತವೆ.