ಬೊಜ್ಜಿನ ಶಸ್ತ್ರಚಿಕಿತ್ಸೆ: ನೋವಿನ ಮಾತು ಮೊದಲೇ ಆಗಲಿ

ಬೊಜ್ಜು ಇಳಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಶಿರಾ ತಾಲ್ಲೂಕಿನ ನಮ್ಮ ತಾವರೆಕೆರೆಯಲ್ಲೂ ಈಗ ವಿಚಾರಿಸುವವರಿದ್ದಾರೆ. ರಾಗಿ, ಶೇಂಗಾ ಬೆಳೆವ ಬಯಲುಸೀಮೆಯಲ್ಲಿ ಸ್ಥೂಲಕಾಯವೇ ಎಂದು ನಗಬೇಕಿಲ್ಲ. ಹೊಲದಲ್ಲಿ ದುಡಿದವರ ಮಕ್ಕಳು ಕುಳಿತು ದುಡಿಯುವ ಕಾಲವಿದು. ಖರ್ಚೆಷ್ಟು, ತೂಕವೆಷ್ಟು ಇಳಿದೀತು ಎಂದು ಎಲ್ಲರೂ ಕೇಳುತ್ತಾರೆ. ಆ ರಾತ್ರಿಯ ನೋವಿಗೇನು ಪರಿಹಾರ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಕೇಳಲೇಬೇಕಾದ ಪ್ರಶ್ನೆಯದು. ಅತಿಸ್ಥೂಲಕಾಯದ ಅನೇಕರಿಗೆ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಯಿರುತ್ತದೆ. ಮಾರ್ಫಿನ್, ಫೆಂಟನಿಲ್‌ನಂತಹ ಮದ್ದುಗಳು ನೋವಿನ ಜೊತೆಗೆ ಉಸಿರಾಟವನ್ನೂ ಮಂದಗೊಳಿಸುತ್ತವೆ. ಹಾಗೆಂದು ಸಹಿಸಿಕೊಳ್ಳಿ ಎನ್ನುವಂತೆಯೂ ಇಲ್ಲ. ನೋವಿಗೆ ಹೆದರಿ ರೋಗಿ ಆಳವಾಗಿ ಉಸಿರೆಳೆಯದಿದ್ದರೆ ಶ್ವಾಸಕೋಶಕ್ಕೆ ಕೇಡು. ಎದ್ದು ಓಡಾಡದಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ. ಜಠರದ ಬೈಪಾಸ್ ಆದವರಿಗೆ, ಹುಣ್ಣಿನ ಭಯದಿಂದಾಗಿ, ಡೈಕ್ಲೋಫೆನಾಕ್‌ನಂತಹ ಮಾತ್ರೆಗಳೂ ಸಲ್ಲವು.

ಈ ಇಕ್ಕಟ್ಟಿಗೆ ಒಂದು ದಾರಿ, ನೋವಿನ ಸುದ್ದಿ ಒಯ್ಯುವ ನರಗಳನ್ನೇ ಮರಗಟ್ಟಿಸುವುದು. ಹೊಟ್ಟೆಯ ಗೋಡೆಯ ಸ್ನಾಯುಪದರಗಳ ನಡುವೆ ಆ ನರಗಳು ಹಾದುಹೋಗುತ್ತವೆ. ಅಲ್ಟ್ರಾಸೌಂಡ್ ಪರದೆಯಲ್ಲಿ ಪದರವನ್ನು ಗುರುತಿಸಿ, ಅರಿವಳಿಕೆ ತಜ್ಞರು ಅಲ್ಲಿಗೆ ಬುಪಿವಕೇನ್ ಅಥವಾ ರೋಪಿವಕೇನ್ ಹರಿಸುತ್ತಾರೆ. 2001ರಲ್ಲಿ ಮೊದಲು ವರದಿಯಾದ ಈ ವಿಧಾನಕ್ಕೆ ‘ಟ್ಯಾಪ್ ಬ್ಲಾಕ್’ ಎಂದು ಹೆಸರು. ಬೆನ್ನಿನ ಸ್ನಾಯುವಿನಡಿ ಮದ್ದು ಹರಿಸುವ ಇನ್ನೊಂದು ವಿಧಾನ 2016ರದು. ಕೆಲವು ಗಂಟೆಗಳಾದರೂ ಗಾಯ ಕಾಡದು. ಮಾರ್ಫಿನ್ ಕಡಿಮೆ ಸಾಕಾದೀತು.

ಇದು ಸಂಜೀವಿನಿಯೇನಲ್ಲ. ಜಠರದೊಳಗಿನ ನೋವು, ಹೊಟ್ಟೆಗೆ ಅನಿಲ ತುಂಬಿದ್ದರಿಂದ ಭುಜಕ್ಕೆ ಹರಡುವ ನೋವು ಇದಕ್ಕೆ ಜಗ್ಗುವುದಿಲ್ಲ. ಪ್ಯಾರಾಸಿಟಮಾಲ್ ಮುಂತಾದವು ಜೊತೆಗಿರಬೇಕು. ದಪ್ಪ ಕೊಬ್ಬಿನಡಿ ಪದರ ಕಾಣುವುದೇ ಕಷ್ಟ. ಮದ್ದಿನ ಪ್ರಮಾಣ ಮೀರಿದರೆ ಹೃದಯಕ್ಕೇ ಅಪಾಯ. ಶಸ್ತ್ರವೈದ್ಯರೇ ರಂಧ್ರಗಳ ಸುತ್ತ ಅದೇ ಮದ್ದು ಚುಚ್ಚಿದರೆ ಸಾಕೆಂಬ ವಾದವೂ ಉಂಟು, ಅದನ್ನು ತಳ್ಳಿಹಾಕಲಾರೆ. ಯಾವುದನ್ನು ಮಾಡುತ್ತಾರೆ, ಏಕೆ ಎಂಬುದು ರೋಗಿಗೆ ಮುಂಚೆಯೇ ತಿಳಿದಿರಬೇಕು. ಬೆಂಗಳೂರಿನ ಬಸ್ಸು ಹತ್ತುವ ನಮ್ಮೂರಿನವರು ಅರಿವಳಿಕೆ ತಜ್ಞರೊಂದಿಗೂ ಮಾತನಾಡಲಿ, ತಮ್ಮ ಗೊರಕೆಯನ್ನು ಸಂಕೋಚಪಡದೆ ಹೇಳಿಕೊಳ್ಳಲಿ.

ಸಣ್ಣ ಊರುಗಳಿಗೆ ಮತ್ತೊಂದು ತೊಡಕಿದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಅಲ್ಟ್ರಾಸೌಂಡ್ ಯಂತ್ರವಿರುವ ಕಡೆ ನೋಂದಣಿ ಕಡ್ಡಾಯ. ಯಂತ್ರವನ್ನು ಮನಬಂದಂತೆ ಸಾಗಿಸುವಂತಿಲ್ಲ. ಕಾಯ್ದೆಯ ಉದ್ದೇಶ ಪ್ರಶ್ನಾತೀತ. ಆದರೆ ಕರೆ ಬಂದಾಗ ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡುವ ಅರಿವಳಿಕೆ ತಜ್ಞರು ಯಂತ್ರವನ್ನು ಚೀಲದಲ್ಲಿ ಒಯ್ಯಲಾರರು. ಬೊಜ್ಜಿನ ಶಸ್ತ್ರಚಿಕಿತ್ಸೆ ತಾಲ್ಲೂಕು ಕೇಂದ್ರಕ್ಕೆ ಬರುವುದು ತಡವಾದೀತು. ಸಿಸೇರಿಯನ್, ಹರ್ನಿಯಾ ಅಲ್ಲಿ ನಿತ್ಯದ ಮಾತು. ಅವುಗಳ ನೋವಿಗೂ ಇದೇ ಸೂಜಿ ಸಲ್ಲುತ್ತದೆ.